ಮೂರು ಪರದೆ, ಒಂದು ಟೊಪ್ಪಿಗೆ

ಕಾಶಿನಾಥನ ಖೋಲಿಗೆ ಕಿಟಕಿ ಇರಲಿಲ್ಲ. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಪಾರ್ವತೆಮ್ಮನವರ ಹಳೆಯ ಮನೆ. ಮೇಲೆ ಅವರು, ಕೆಳಗೆ ಬಾಡಿಗೆಗೆ ಕಾಶಿನಾಥ ಮತ್ತು ಅವನ ಹೆಂಡತಿ ಶೈಲಾ. ಒಳಗಿನ ಖೋಲಿಯ ಮೂರು ಕಡೆ ಬೇರೆಯವರ ಗೋಡೆ. ಹಗಲಲ್ಲೂ ದೀಪ ಹಾಕಬೇಕಾದ ಆ ಖೋಲಿಯಲ್ಲಿ ಕೂತು ಅವನು ದಿನಾಲೂ ವಿಮಾನ ಹಾರಿಸುತ್ತಿದ್ದ.

ಹಾರಿಸುತ್ತಿದ್ದದ್ದು ಕಂಪ್ಯೂಟರಿನಲ್ಲಿ. ಇದನ್ನು ಆಟ ಎಂದವರ ಜೊತೆ ಅವನು ಮಾತು ಬಿಡುತ್ತಿದ್ದ. ಹಾಗೆ ನೋಡಿದರೆ ಅದು ಆಟವಾಗಿರಲೂ ಇಲ್ಲ. ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಗುಮಾಸ್ತನಾಗಿ ನಟ್ಟು ಬೋಲ್ಟು ಎಣಿಸುವ ಮನುಷ್ಯ, ಬಿಡುವನ್ನೆಲ್ಲ ಸುರಿದು ವಿಮಾನ ಇಳಿಸುವುದನ್ನು ಕಲಿತಿದ್ದ. ಗಾಳಿ ಅಡ್ಡ ಬಂದರೆ ಯಾವ ರೆಕ್ಕೆ ತಗ್ಗಿಸಬೇಕು, ಯಾವ ಕಾಲು ಒತ್ತಬೇಕು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಕಾಲಿನ ಪೆಡಲುಗಳನ್ನು ಶೈಲಾಳ ತವರಿನಿಂದ ಬಂದ ಹೊಲಿಗೆ ಯಂತ್ರದ ತುಳಿಯುವ ಹಲಗೆಯನ್ನು ಎರಡಾಗಿ ಕತ್ತರಿಸಿ ಮಾಡಿಕೊಂಡಿದ್ದ. ಶೈಲಾ ಆಗ ಬಹಳ ದಿನ ಅವನಿಗೆ ಉಪ್ಪಿಲ್ಲದ ಸಾರು ಬಡಿಸಿದಳು. ಪೆಡಲು ಮಾತ್ರ ಚೆನ್ನಾಗಿ ಕೆಲಸ ಮಾಡಿತು.

ಈಗಿನ ತಾಪತ್ರಯಕ್ಕೆ ಕಾರಣ ಒಂದು ಕುರ್ಚಿ. ಮನೆಯಲ್ಲೇ ಕೂತು ಹೀಗೆ ವಿಮಾನ ಹಾರಿಸುವವರದೊಂದು ಸಂಘ ಊರಲ್ಲಿತ್ತು. ನಿಜವಾದ ಪೈಲಟ್‌ಗಳಿಗೆ ತರಬೇತಿ ಕೊಡುವ, ಕಬ್ಬಿಣದ ಕಾಲುಗಳ ಮೇಲೆ ನಿಂತು ಓಲಾಡುವ ದೊಡ್ಡ ಸಿಮ್ಯುಲೇಟರಿನಲ್ಲಿ ಒಂದು ತಾಸು ಕೂರಲು ಸಂಘದ ಒಬ್ಬನಿಗೆ ಅವಕಾಶ ಸಿಕ್ಕಿತ್ತು. ಒಬ್ಬನಿಗೆ ಮಾತ್ರ. ಸೋಸಿ ಸೋಸಿ ಕೊನೆಗೆ ಉಳಿದವರು ಇಬ್ಬರು: ಕಾಶಿನಾಥ, ಮತ್ತು ಹಿಮಾಯತ್‌ನಗರದ ಕಾಲೇಜು ಹುಡುಗ ಕೌಶಲ್. ಪರೀಕ್ಷಕರು ತಿಪ್ಪೇಸ್ವಾಮಿ. ಚಿತ್ರದುರ್ಗದ ಕಡೆಯವರು, ವಿಮಾನ ಕಲಿಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ಅವರು ಮನೆಗೇ ಬಂದು ನೋಡುತ್ತಾರೆ. ಒಂದೇ ಸುತ್ತು, ಒಂದೇ ಲ್ಯಾಂಡಿಂಗ್. ಅವರ ಕಣ್ಣಿಗೆ ಬಿದ್ದದ್ದಕ್ಕಷ್ಟೇ ಮಾರ್ಕು.

ಹಳೆಯ ಪುಟ್ಟ ಮಾನಿಟರಿನಲ್ಲಿ ಪರೀಕ್ಷೆ ಕೊಡುವುದು ಮರ್ಯಾದೆಯಲ್ಲ ಎಂದು ಕಾಶಿನಾಥ ಅಂಗಡಿಗೆ ಹೋದ. ಮೂರು ದೊಡ್ಡ ಮಾನಿಟರ್ ತರಬೇಕೋ, ತಲೆಗೆ ಕಟ್ಟಿಕೊಳ್ಳುವ ವಿ.ಆರ್. ಹೆಡ್‌ಸೆಟ್ ತರಬೇಕೋ ತಿಳಿಯದೆ ಅಂಗಡಿ ಮುಚ್ಚುವತನಕ ನಿಂತ. ಅಂಗಡಿಯವನಿಗೆ ಬೇಸರ ಬಂತು.

"ದೋನೋ ಲೇಜಾವ್ ಮಿಯಾ! ದಸರಾ ಕೆ ಬಾದ್ ಏಕ್ ವಾಪಸ್ ಲಾವ್. ಅಬ್ ಜಾವ್!"

ಹೀಗೆ ಹಳೆಯ ಮಾನಿಟರ್ ಅಂಗಡಿಗೆ ಹೋಗಿ, ಎರಡೂ ಮನೆಗೆ ಬಂದವು. ದಸರಾ ಮುಗಿದ ಮೇಲೆ ಒಂದನ್ನು ಹಿಂದಿರುಗಿಸಬೇಕು, ಅದೂ ಗೀರು ಬೀಳದ ಹಾಗೆ.

ಮೂರು ಮಾನಿಟರುಗಳನ್ನು ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿದರೆ ಖೋಲಿಗೆ ಆಕಾಶ ಬರುತ್ತಿತ್ತು. ಮೀಟರುಗಳ ಸಣ್ಣ ಅಂಕಿ ಕೂಡ ಸೂಜಿಯಲ್ಲಿ ಕೊರೆದ ಹಾಗೆ ಕಾಣುತ್ತಿತ್ತು. ಆದರೆ ಅದು ಗಾಜಿನ ಆಚೆಗಿನ ಆಕಾಶ. ಹೆಡ್‌ಸೆಟ್ ಹಾಕಿದರೆ ಗಾಜೇ ಇಲ್ಲ. ಕತ್ತು ಹೊರಳಿಸಿ ಭುಜದ ಹಿಂದೆ ನೋಡಿದರೆ ರನ್‌ವೇ ಅಲ್ಲೇ ಬಿದ್ದಿರುತ್ತದೆ. ನೆಲ ಎಷ್ಟು ಕೆಳಗಿದೆ ಎಂದು ಹೊಟ್ಟೆಗೇ ತಿಳಿಯುತ್ತದೆ. ಆದರೆ ಅಂಕಿಗಳು ಸ್ವಲ್ಪ ಮಸುಕು, ಮುಖವೆಲ್ಲ ಬೆವರು, ಮತ್ತು ಸ್ವಂತ ಕೈಯೇ ಕಾಣುವುದಿಲ್ಲ.

ಪಕ್ಕದ ಗಲ್ಲಿಯ ನರಹರಿ ಮಾನಿಟರ್ ಪಕ್ಷ. ಕಾರ್ಖಾನೆಯಲ್ಲೂ ಅವನು ಕಾಶಿನಾಥನ ಪಕ್ಕದ ಮೇಜು. ಎರಡೂ ಕಡೆ ಸಲಹೆ ಕೊಡುವುದು ತನ್ನ ಹಕ್ಕು ಎಂದು ತಿಳಿದಿದ್ದ.

"ಆ ಟೊಪಿಗಿ ಹಾಕ್ಕೊಂಡ್ರ ಕಣ್ಣು ಕಟ್ಟಿದ ಗಾಣದ ಎತ್ತು ಆಗ್ತಿ ನೋಡಪಾ. ಚಾ ಕುಡಿಯಾಕ ಬಾಯಿ ಎಲ್ಲೈತಿ ಅಂತ ಹುಡುಕಬೇಕು."

"ವಿಮಾನ ಇಳಿಸ್ತಾ ಚಾ ಯಾಕ ಕುಡೀಲಿ?"

"ನೀ ಕುಡೀಬ್ಯಾಡ. ಕೂತು ನೋಡೋ ನಾವು ಏನ್ ಮಾಡ್ಬೇಕು? ನಿನ್ನ ಮಾರಿ ನೋಡ್ಬೇಕಾ?"

ಶೈಲಾ ಹೆಡ್‌ಸೆಟ್ ಪಕ್ಷ. ಅದು ಪೆಟ್ಟಿಗೆಯೊಳಗೆ ಹಿಡಿಸುತ್ತದೆ, ಖೋಲಿ ಕಸ ಹೊಡೆಯಲು ಬರುತ್ತದೆ ಎಂಬುದು ಅವಳ ವಾದ. ಈ ಎಲ್ಲ ವಾದಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಇದೇ.

ಪರೀಕ್ಷೆಯ ದಿನ ಬೆಳಗ್ಗೆ ಸ್ನಾನ ಮಾಡುತ್ತ ಕಾಶಿನಾಥ ಕೊನೆಗೂ ತೀರ್ಮಾನಕ್ಕೆ ಬಂದ. ಅಂಕಿ ಸ್ಪಷ್ಟ ಕಾಣಬೇಕು, ಮಾನಿಟರ್. ಮೈ ಒರೆಸಿಕೊಂಡು ಹಗುರಾಗಿ ಖೋಲಿಗೆ ಬಂದ. ಅಲ್ಲಿ ಮೂರೂ ಮಾನಿಟರುಗಳ ಹಣೆಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಒಂದೇ ಉದ್ದನೆಯ ಮಾಲೆ. ಮುಂದೆ ಎಣ್ಣೆ ದೀಪ. ಪಾರ್ವತೆಮ್ಮ ಕರ್ಪೂರ ಬೆಳಗುತ್ತಿದ್ದರು. ಮಾನಿಟರುಗಳು ತೊಟ್ಟಿಲ ಕೂಸುಗಳಂತೆ ಸುಮ್ಮನೆ ಮಾಡಿಸಿಕೊಳ್ಳುತ್ತಿದ್ದವು.

"ಅವ್ವಾರ, ಇದೇನ್ರಿ ಮಾಡಿದ್ರಿ?"

"ಇವತ್ತು ಖಂಡೇಪೂಜಿ, ಆಯುಧಕ್ಕ ಪೂಜಿ ಮಾಡೋ ದಿನ ಅಲ್ಲೇನೋ ತಮ್ಮಾ? ನಿನ್ನ ಹತ್ಯಾರ ಇವೇ ಹೌದಿಲ್ಲೋ? ಮಿಕ್ಸರ್ ಆತು, ನೀರಿನ ಮೋಟರ್ ಆತು, ನಿನ್ನ ಸ್ಕೂಟರ್ ಆತು. ಇವು ಮೂರು ಮಾರಿ ಸಣ್ಣದು ಮಾಡ್ಕೊಂಡು ಕುಂತಿದ್ವು. ನನಗ ಸಂಕಟ ಆತು."

"ಭಾಳ ಚೊಲೋ ಆತ್ರಿ. ಆದ್ರ ಮಧ್ಯಾಹ್ನ ಸಾಹೇಬ್ರು ಬರ್ತಾರ. ಇವನ್ನ ಚಾಲೂ ಮಾಡಬೇಕು."

"ಪೂಜಿ ಆದ ಹತ್ಯಾರ ಚಾಲೂ ಮಾಡ್ತಿಯಾ?" ಪಾರ್ವತೆಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. "ಇವತ್ತು ಅವು ದೇವರು. ಮುಟ್ಟಂಗಿಲ್ಲ. ನಾಳೆ ಬನ್ನಿ ಕೊಟ್ಟು ತಗೊಂಡ ಮ್ಯಾಲೆ ಏನರೆ ಮಾಡ್ಕೊ. ನನ್ನ ಮನ್ಯಾಗ ಇಷ್ಟು ವರ್ಷ ಇದು ತಪ್ಪಿಲ್ಲ."

'ನನ್ನ ಮನ್ಯಾಗ' ಎಂಬ ಮಾತಿನ ಅರ್ಥ ಬಾಡಿಗೆದಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾರ್ವತೆಮ್ಮನವರ ಕೈಯಲ್ಲಿ ಇನ್ನೂ ವಿಭೂತಿ ಉಳಿದಿತ್ತು. ಅದನ್ನು ಹಿಡಿದು ಸುತ್ತಲೂ ನೋಡಿದರು. ಮೇಜಿನ ಕೆಳಗಿದ್ದ ಕಂಪ್ಯೂಟರಿನ ಕರಿ ಪೆಟ್ಟಿಗೆಯ ಮೇಲೆ ಅವರ ಕಣ್ಣು ನಿಂತಿತು.

"ಅದೇನದು?"

"ಅದು ಚಪ್ಪಲ್ ಇಡೋ ಡಬ್ಬಿ ರಿ ಅವ್ವಾರ," ಎಂದಳು ಬಾಗಿಲಲ್ಲಿ ನಿಂತ ಶೈಲಾ, ಕಣ್ಣು ಮಿಟುಕಿಸದೆ.

ಪಾರ್ವತೆಮ್ಮ ಕೈ ಹಿಂದೆ ತೆಗೆದುಕೊಂಡರು. ಕಾಶಿನಾಥ ಹೆಂಡತಿಯನ್ನು ಆ ದಿನ ಹೊಸದಾಗಿ ನೋಡಿದ. ಸುಳ್ಳನ್ನು ಅಷ್ಟು ನೀಟಾಗಿ ಇಳಿಸುವುದು ಅವನ ಕೈಲೂ ಆಗುತ್ತಿರಲಿಲ್ಲ.

ಆಯ್ಕೆ ಮುಗಿದಿತ್ತು. ಅಟ್ಟದ ಮೇಲಿದ್ದ ಹೆಡ್‌ಸೆಟ್ ಪೂಜೆಗೆ ಸಿಕ್ಕಿರಲಿಲ್ಲ. ಮಂಚದ ಮೇಲಿನ ಜಾಯ್‌ಸ್ಟಿಕ್ ಕೂಡ ಹೊದಿಕೆಯಡಿ ಬಚಾವಾಗಿತ್ತು. ಮಾನಿಟರ್ ಬಂದ್ ಇದ್ದರೂ ಹೆಡ್‌ಸೆಟ್ ನಡೆಯುತ್ತದೆ. ಅದಕ್ಕೆ ಬೇಕಾದದ್ದು ಆ ಚಪ್ಪಲಿ ಡಬ್ಬಿ ಮಾತ್ರ. ಕಾಶಿನಾಥ ಮಧ್ಯಾಹ್ನದವರೆಗೆ ಕಣ್ಣು ಮುಚ್ಚಿ ಗುಂಡಿಗಳನ್ನೆಲ್ಲ ಬೆರಳಿಂದ ಮುಟ್ಟಿ ಮುಟ್ಟಿ ಗಟ್ಟಿಮಾಡಿಕೊಂಡ. ಊಟವನ್ನೂ ಕಣ್ಣು ಮುಚ್ಚಿಯೇ ಮಾಡಿದ. ಹೋಳಿಗೆಯನ್ನು ಉಪ್ಪಿನಕಾಯಿಯಲ್ಲಿ ಅದ್ದಿದ್ದನ್ನು ಬಿಟ್ಟರೆ ಎಲ್ಲ ಸರಿಹೋಯಿತು.

ತಿಪ್ಪೇಸ್ವಾಮಿ ಹೇಳಿದ ಹೊತ್ತಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ನೆಟ್ಟನೆಯ ಬೆನ್ನು. ಅವರ ಹಿಂದೆಯೇ ಯಾರೂ ಕರೆಯದಿದ್ದರೂ ನರಹರಿ ಬಂದ. ಪೂಜೆಯಾದ ಮಾನಿಟರುಗಳನ್ನು ನೋಡಿ ತಿಪ್ಪೇಸ್ವಾಮಿ ಚಪ್ಪಲಿ ಬಿಟ್ಟ ಜಾಗದಿಂದಲೇ ಕೈ ಮುಗಿದರು. ಅವರಿಗೆ ಖೋಲಿಯಲ್ಲಿ ಒಂದು ಕುರ್ಚಿ ಹಾಕಿದ್ದಾಯಿತು. ದೀಪ ಆರದಂತೆ ಕಾಯಲು ಪಾರ್ವತೆಮ್ಮ ಮಂಚದ ಮೇಲೆ ಕೂತಿದ್ದರು.

"ಶುರು ಮಾಡ್ತೀನ್ರಿ ಸರ್," ಎಂದ ಕಾಶಿನಾಥ.

"ಆರಾಮಾಗಿ ಮಾಡಿ, ಆರಾಮಾಗಿ. ಅವಸರ ಏನಿಲ್ಲ."

ಅವನು ಹೆಡ್‌ಸೆಟ್ ಕಟ್ಟಿಕೊಂಡ. ಕಿವಿಗೂ ಮುಚ್ಚಳ ಬಿತ್ತು. ಖೋಲಿ ಮಾಯವಾಯಿತು.

ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣ. ಎರಡು ಸೀಟಿನ ಸಣ್ಣ ವಿಮಾನ ನೆಲ ಬಿಟ್ಟಿತು. ದಕ್ಷಿಣಕ್ಕೆ ಹೊರಳಿ ಹುಸೇನ್‌ಸಾಗರದ ಅಂಚು ಹಿಡಿದ. ನೀರಿನ ನಡುವೆ ಕಲ್ಲಿನ ಬುದ್ಧ ಬೆರಳಿನಷ್ಟು. ಗಾಳಿ ಒಂದೇ ಸಮನೆ ಇರಲಿಲ್ಲ, ಎತ್ತಿ ಎತ್ತಿ ಒಗೆಯುತ್ತಿತ್ತು. ಕಾಶಿನಾಥ ಕತ್ತು ತಿರುಗಿಸಿ ಎಡಭುಜದ ಹಿಂದೆ ರನ್‌ವೇ ನೋಡಿದ. ಮಾನಿಟರ್ ಆಗಿದ್ದರೆ ಇಲ್ಲಿ ಗುಂಡಿ ಒತ್ತಿ ನೋಟ ಬದಲಿಸಬೇಕಿತ್ತು. ಈಗ ನೋಡಿದರೆ ಸಾಕಿತ್ತು. ಹದವಾಗಿ ಎಡಕ್ಕೆ ವಾಲಿಸಿದ, ಮತ್ತೊಮ್ಮೆ ವಾಲಿಸಿದ. ರನ್‌ವೇ ಮೂಗಿನ ಮುಂದೆ ಬಂದು ನಿಂತಿತು. ಗಾಳಿ ಅವನನ್ನು ಬಲಕ್ಕೆ ತಳ್ಳಿತು. ಅವನು ಎಡ ರೆಕ್ಕೆ ತಗ್ಗಿಸಿ, ಹೊಲಿಗೆ ಯಂತ್ರದ ಬಲ ಹಲಗೆಯನ್ನು ಒತ್ತಿ, ವಿಮಾನವನ್ನು ಗೆರೆಯ ಮೇಲೆ ಹಿಡಿದ. ಇಂಥದ್ದನ್ನು ಪುಸ್ತಕದಿಂದ ಕಲಿಯಲಾಗದು. ಕಾಲು, ಕೈ, ಕಣ್ಣು ಮೂರೂ ಮಾತಾಡದೆ ಒಪ್ಪಿಕೊಳ್ಳಬೇಕು. ಆ ದಿನ ಒಪ್ಪಿಕೊಂಡವು. ನೆಲ ಮೇಲೇರಿ ಬಂತು. ಅವನು ಮೂಗೆತ್ತಿ ಕಾದ, ಇನ್ನೂ ಸ್ವಲ್ಪ ಕಾದ. ಎಡ ಚಕ್ರ ಮುಟ್ಟಿತು. ಆಮೇಲೆ ಬಲದ್ದು. ಕೊನೆಗೆ ಮೂಗಿನದು, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸಿದ ಹಾಗೆ.

ಬ್ರೇಕು ಹಾಕಿ ಉಸಿರು ಬಿಟ್ಟ. ಇಷ್ಟು ವರ್ಷಗಳಲ್ಲಿ ಅವನು ಮಾಡಿದ ಅತ್ಯುತ್ತಮ ಲ್ಯಾಂಡಿಂಗ್ ಇದು, ಅವನಿಗೂ ಅದು ಗೊತ್ತಿತ್ತು. ಖೋಲಿಯ ನಿಶ್ಶಬ್ದವನ್ನು ಅವನು ಬೆರಗು ಎಂದು ತಿಳಿದ. ನಿಧಾನವಾಗಿ ಹೆಡ್‌ಸೆಟ್ ತೆಗೆದ.

ತಿಪ್ಪೇಸ್ವಾಮಿ ಎರಡನೆಯ ಹೋಳಿಗೆ ತಿನ್ನುತ್ತಿದ್ದರು. ನರಹರಿ ತುಪ್ಪದ ಬಟ್ಟಲು ಹಿಡಿದಿದ್ದ.

"ಆಯ್ತಾ?" ತಿಪ್ಪೇಸ್ವಾಮಿ ಬೆರಳು ಒರೆಸಿಕೊಂಡರು. "ಈಗ ಶುರು ಮಾಡೋಣ್ವಾ?"

"ಸರ್... ಲ್ಯಾಂಡಿಂಗ್ ಆತಲ್ರಿ?"

"ಯಾವಾಗ?"

"ಈಗ! ಬೇಗಂಪೇಟಿಂದ ಹತ್ತಿ, ಕೆರಿ ಸುತ್ತು ಹಾಕಿ..."

ತಿಪ್ಪೇಸ್ವಾಮಿ ಕರಿಯ ಪರದೆಗಳನ್ನೂ ಚೆಂಡುಹೂವನ್ನೂ ನೋಡಿದರು. "ನಾನೇನ್ ಕಂಡೆ ಕಾಶಿನಾಥ್? ನೀವು ಕಣ್ಣು ಕಟ್ಕೊಂಡು ಕತ್ತು ಆಡಿಸ್ತಾ ಇದ್ರಿ. ಏನು ಅಂತ ಈ ಅಮ್ಮನ್ನ ಕೇಳ್ದೆ."

"ನಾನ ಹೇಳ್ದೆ," ಎಂದರು ಪಾರ್ವತೆಮ್ಮ ಹೆಮ್ಮೆಯಿಂದ. "ಟೊಪಿಗಿ ಹಾಕ್ಕೊಂಡು ಧ್ಯಾನ ಮಾಡಾಕತ್ತಾನ, ಗದ್ದಲ ಮಾಡಬ್ಯಾಡ್ರಿ, ಅಲ್ಲೀತನಕ ಹೋಳಿಗಿ ತಿನ್ರಿ ಅಂದೆ."

"ನೋಡಪಾ," ಎಂದ ನರಹರಿ, "ನಾ ಮೊದಲ ಹೇಳಿದ್ನಿಲ್ಲೋ?"

ಮಾನಿಟರ್ ಹಾಕಲೇ, ಇನ್ನೊಮ್ಮೆ ಇಳಿಸಲೇ ಎಂದು ಕಾಶಿನಾಥ ಕೇಳಿದ. ತಿಪ್ಪೇಸ್ವಾಮಿ ಕೆಟ್ಟ ಮನುಷ್ಯರಲ್ಲ. ಆದರೆ ಪೂಜೆಯಾದದ್ದನ್ನು ಚಾಲೂ ಮಾಡಿಸಲು ಅವರೂ ಒಪ್ಪಲಿಲ್ಲ. ಒಂದೇ ಲ್ಯಾಂಡಿಂಗ್ ಎಂಬ ನಿಯಮ ಮುರಿಯಲೂ ಒಪ್ಪಲಿಲ್ಲ. ಆಗ ಶೈಲಾ ಮಾತಾಡಿದಳು.

"ಈಗ ಆದದ್ದು ಅದರಾಗ ಉಳಿದಿರ್ತೈತಿ ಅಲ್ರಿ? ತಿರುಗಿ ತೋರಸ್ತೈತಿ ಅಂದಿದ್ರಿ. ಟೊಪಿಗಿ ಸರ್‌ಗೆ ಹಾಕ್ರಿ, ತಮ್ಮ ಕಣ್ಣಿಂದನ ನೋಡ್ಲಿ."

"ಬುದ್ಧಿವಂತೆ," ಎಂದರು ತಿಪ್ಪೇಸ್ವಾಮಿ. "ಹಾಕಿ. ನಾನು ಆಕಾಶದಲ್ಲಿ ಅರ್ಧ ಆಯಸ್ಸು ಕಳ್ದೋನು. ಇದೇನ್ ಮಹಾ?"

ಅವರು ಎದ್ದು ನಿಂತೇ ಕಟ್ಟಿಸಿಕೊಂಡರು. ಪೈಲಟ್ ಕೂತು ನೋಡಬಹುದು, ಪರೀಕ್ಷಕ ನಿಂತು ನೋಡಬೇಕು ಎಂಬುದು ಅವರ ಹಳೆಯ ಪದ್ಧತಿ. ವಿಮಾನ ಏರಿತು. "ಭೇಷ್," ಎಂದರು. ಕೆರೆ ಬಂತು. "ಭೇಷ್, ಭೇಷ್. ಒಳ್ಳೆ ಕೈ ಇದೆ ನಿಮಗೆ." ಕಾಶಿನಾಥನ ಮುಖ ಅರಳಿತು. ಆಮೇಲೆ ವಿಮಾನ ಎಡಕ್ಕೆ ವಾಲಿತು. ಅವರ ಕಣ್ಣು ವಾಲಿತು; ಕಾಚಿಗೂಡದ ನೆಲ ವಾಲಲಿಲ್ಲ. ನಿಜವಾದ ಬಿರುಗಾಳಿಯಲ್ಲಿ ಅಲುಗದಿದ್ದ ಹೊಟ್ಟೆ ಈ ಸುಳ್ಳನ್ನು ಸಹಿಸಲಿಲ್ಲ. ಎರಡು ಹೋಳಿಗೆಯೂ ಬಂದ ದಾರಿ ಹಿಡಿದವು.

"ಹಿಡ್ಕೊಳ್ರಿ!" ಶೈಲಾ ಕೂಗಿದಳು.

ಯಾರು ಯಾರನ್ನು ಹಿಡಿಯಬೇಕೆಂದು ತಿಳಿಯಲಿಲ್ಲ. ತಿಪ್ಪೇಸ್ವಾಮಿ ಬೀಳದಿರಲು ಮುಂದೆ ಕೈ ಚಾಚಿದರು. ಕೈಗೆ ಸಿಕ್ಕಿದ್ದು ಚೆಂಡುಹೂವಿನ ಮಾಲೆ. ಮಾಲೆ ಗಟ್ಟಿಯಾಗಿತ್ತು, ಪಾರ್ವತೆಮ್ಮ ನೈಲಾನ್ ದಾರದಲ್ಲಿ ಪೋಣಿಸಿದ್ದರು. ಮಾನಿಟರುಗಳು ಒಂದರ ಹಿಂದೊಂದು ಮೇಜು ಬಿಟ್ಟು ಹೊರಟವು. ಎಡದ್ದನ್ನು ನರಹರಿ ತುಪ್ಪದ ಕೈಯಲ್ಲಿ ಹಿಡಿದ, ಅದು ಜಾರಿತು. ಹೆಡ್‌ಸೆಟ್ ಕಿತ್ತು ಹೋಗಿ ಗೋಡೆಗೆ ಬಡಿಯಿತು. ಮೇಜಿನ ಕೆಳಗಿನ ಕರಿ ಪೆಟ್ಟಿಗೆಯ ಮೇಲೆ ದೀಪದ ಎಣ್ಣೆ ಸುರಿಯಿತು. ಅದು ಒಮ್ಮೆ ಚಟ್ ಎಂದು ಸುಮ್ಮನಾಯಿತು.

ತಿಪ್ಪೇಸ್ವಾಮಿ ನೆಲದ ಮೇಲೆ ಕೂತು ನೀರು ಕುಡಿದರು.

"ಕೆರೆ ದಾಟೋವರೆಗೆ ನೋಡ್ದೆ ಕಾಶಿನಾಥ್. ಅಲ್ಲೀವರೆಗೆ ಕೌಶಲ್ ನಿಮ್ಮ ಹತ್ರಾನೂ ಬರಲ್ಲ. ಆದ್ರೆ ಇಳಿದದ್ದು ನೋಡಿಲ್ಲ. ಅವನದ್ದು ನೋಡಿದೀನಿ. ಎತ್ತಿ ಹಾಕಿದ ಹಾಗೆ ಇಳಿಸ್ದ, ಆದ್ರೆ ನನ್ನ ಕಣ್ಣೆದುರಿಗೆ ಇಳಿಸ್ದ."

ಅವರು ಸುಳ್ಳು ಹೇಳುವವರಾಗಿರಲಿಲ್ಲ. ಸಿಮ್ಯುಲೇಟರಿನ ಕುರ್ಚಿ ಕೌಶಲ್‌ಗೆ ಹೋಯಿತು. ಕಾಶಿನಾಥ ಅವರನ್ನು ಆಟೋ ಹತ್ತಿಸಿ ಬಂದ. ಅಷ್ಟರಲ್ಲಿ ಶೈಲಾ ಖೋಲಿ ಗುಡಿಸಿ, ಹೋದವುಗಳನ್ನೆಲ್ಲ ಬಾಗಿಲ ಹೊರಗೆ ಸಾಲಾಗಿ ಇಟ್ಟಿದ್ದಳು. ಅವನು ನಿಂತು ನೋಡಿದ. ಮಾನಿಟರ್ ಮೂರು. ಹೆಡ್‌ಸೆಟ್ ಒಂದು. ಕಂಪ್ಯೂಟರ್ ಒಂದು. ಸಾಲಿನಲ್ಲಿ ಇಡಲು ಬಾರದ ಲ್ಯಾಂಡಿಂಗ್ ಒಂದು.