ಕೆಲಸ ಚೆನ್ನಾಗಿ ಮಾಡಿದವಳನ್ನು ಸುಧಾರಿಸಿಲ್ಲವೆಂದು ಬರೆದ ಸಾಹೇಬರಿಗೆ

ಯಲ್ದೂರು ಹೋಬಳಿ, ಶ್ರೀನಿವಾಸಪುರ ತಾಲ್ಲೂಕು
ಗುರುವಾರ ಬೆಳಿಗ್ಗೆ

ಮಾನ್ಯರೇ, ನಮ್ಮೂರ ಪಶು ಆಸ್ಪತ್ರೆಯ ಮೇಲ್ವಿಚಾರಕರೂ, ಹಾಜರಿ ಪುಸ್ತಕದ ಒಡೆಯರೂ, ದುಂಡು ಮೊಹರಿನ ಏಕೈಕ ಪಾಲಕರೂ ಆದ ಕೋದಂಡರಾಮಪ್ಪನವರೇ, ತಮಗೂ, ತಮ್ಮ ತಿರುಗುವ ಕುರ್ಚಿಗೂ, ಆ ಕುರ್ಚಿಯ ಬೆನ್ನಿಗೆ ಹೊದಿಸಿರುವ ಬಿಳಿ ಟವೆಲ್ಲಿಗೂ ನಮ್ಮ ಬೀದಿಯ ಸಮಸ್ತರಿಂದ ನಮಸ್ಕಾರ ಮತ್ತು ಸಲಾಮು. ಈ ಪತ್ರವನ್ನು ತಮ್ಮ ಕೈಗೆ ಕೊಡದೆ ಹಾಲಿನ ಡೇರಿಯ ಗೋಡೆಗೆ ಅಂಟಿಸುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ತಮ್ಮ ಮೇಜಿನ ಮೇಲಿಟ್ಟ ಕಾಗದಗಳಿಗೆ ಬೇಗ ವಯಸ್ಸಾಗುತ್ತದೆ ಎಂದು ಕೇಳಿದ್ದೇನೆ; ಡೇರಿಯ ಗೋಡೆಯಾದರೆ ದಿನಕ್ಕೆರಡು ಹೊತ್ತು ಇಡೀ ಊರೇ ಕ್ಯಾನು ಹಿಡಿದು ಅದರ ಮುಂದೆ ನಿಂತಿರುತ್ತದೆ.

ನನ್ನ ದೂರು ಜಹಾನಾರಾ ಖಾಲಾ ಬಗ್ಗೆ. ಅವರು ನನ್ನ ತಾಯಿಯ ತಂಗಿ, ತಮ್ಮ ಆಸ್ಪತ್ರೆಯಲ್ಲಿ ಶಿಕ್ಷೆ ಅನುಭವಿಸುತ್ತಿರುವ ಕಳ್ಳಿ. ಇಲ್ಲಿ ಹಾಲು ಹಾಕಲು ಬರುವವರಲ್ಲಿ ಹೊರಗಿನವರೂ ಇರುವುದರಿಂದ ಕಳ್ಳತನದ ವಿವರವನ್ನೂ ಬರೆಯುತ್ತೇನೆ. ನಮ್ಮ ಕಡೆ ಗಾಳಿಮಳೆಗೆ ಉದುರಿದ ಮಾವಿನಕಾಯಿ ಯಾರು ಮೊದಲು ಎತ್ತಿಕೊಂಡರೆ ಅವರದು. ಮರದಲ್ಲಿರುವುದು ತೋಟದವರದು, ನೆಲದಲ್ಲಿರುವುದು ಹೆಂಗಸರದು. ಈ ವರ್ಷ ತೋಟವನ್ನು ಗುತ್ತಿಗೆ ಹಿಡಿದವರು ದೂರದವರು, ಅವರಿಗೆ ಈ ಪದ್ಧತಿ ತಿಳಿಯದು. ಖಾಲಾ ಎರಡು ಮೂಟೆ ತುಂಬಿಕೊಂಡು ಬಂದರು, ಗುತ್ತಿಗೆದಾರರು ಪೊಲೀಸ್ ಸ್ಟೇಷನ್ನಿಗೆ ಹೋದರು. ಮಾಲು ವಾಪಸು ಕೊಡಿ ಎಂದು ಪೊಲೀಸರು ಮನೆಗೆ ಬರುವ ಹೊತ್ತಿಗೆ ಮಾಲು ಉಪ್ಪಿನಕಾಯಿಯಾಗಿತ್ತು. ಖಾಲಾ ಅದನ್ನೇ ಜಾಡಿಗಳಲ್ಲಿ ತುಂಬಿ ವಾಪಸು ಮಾಡಿದರು, ಪೊಲೀಸರೂ 'ಮಾವಿನಕಾಯಿ, ಉಪ್ಪು ಖಾರ ಸಹಿತ' ಎಂದು ಬರೆದುಕೊಂಡರು. ಗುತ್ತಿಗೆದಾರರ ಕೈ ಸೇರುವಾಗ ಜಾಡಿಗಳು ಅರ್ಧವಾಗಿದ್ದವಂತೆ. ಆ ಅರ್ಧದ ಬಗ್ಗೆ ಯಾರೂ ದೂರು ಕೊಟ್ಟಿಲ್ಲ.

ಕೋರ್ಟಿನಲ್ಲಿ ಬಾಯಿ ಬಿಡದೆ ಸುಮ್ಮನೆ ನಿಂತಿರಿ ಎಂದು ವಕೀಲರಾದ ಶ್ವೇತ ಮೇಡಂ ಮೂರು ಸಲ ಹೇಳಿಕೊಟ್ಟಿದ್ದರು. ನ್ಯಾಯಾಧೀಶರು ಕದ್ದಿದ್ದು ನಿಜವೇ ಎಂದು ಕೇಳಿದ್ದೇ ತಡ, ಖಾಲಾ "ಕದ್ದಿಲ್ಲ ಸಾಬ್, ಬಿದ್ದಿತ್ತು, ಎತ್ಕೊಂಡೆ. ಹೋದ ವರ್ಷಾನೂ ಎತ್ಕೊಂಡಿದ್ದೆ, ಅದರ ಹಿಂದಿನ ವರ್ಷಾನೂ. ಬೇಕಾದ್ರೆ ಊರಲ್ಲಿ ಯಾರನ್ನಾದ್ರೂ ಕೇಳಿ" ಎಂದು ಎದೆಯುಬ್ಬಿಸಿ ಹೇಳಿದರು. ಮೇಡಂ ಹಣೆ ಹಿಡಿದುಕೊಂಡರು. ಆದರೆ ಮೊದಲ ಸಲದ ಸಣ್ಣ ಕಳ್ಳತನಕ್ಕೆ ಜೈಲಿನ ಬದಲು ಸಮುದಾಯ ಸೇವೆ ಮಾಡಿಸುವ ಹೊಸ ಕಾನೂನೊಂದು ಬಂದಿರುವುದು ನಮ್ಮ ಪುಣ್ಯ. ಮೂವತ್ತು ದಿನ, ದಿನಕ್ಕೆ ಮೂರು ಗಂಟೆ, ತಮ್ಮ ಆಸ್ಪತ್ರೆಯಲ್ಲಿ ಕೆಲಸ. ಮುಗಿದ ಮೇಲೆ ಮುಗಿಯಿತೆಂದು ತಮ್ಮಿಂದ ಒಂದು ಪತ್ರ. ಪತ್ರ ಸರಿಯಿಲ್ಲದಿದ್ದರೆ ಜೈಲಿನ ವಿಷಯ ನೋಡಬೇಕಾಗುತ್ತದೆ ಎಂದು ನ್ಯಾಯಾಧೀಶರು ಅಪ್ಪಣೆ ಮಾಡಿದರು.

ಆಮೇಲೆ ನಡೆದದ್ದು ಹಾಲು ಕರೆಯುವ ಈ ಜನಕ್ಕೆಲ್ಲ ಗೊತ್ತು. ಮೊದಲ ವಾರದಲ್ಲೇ ಖಾಲಾ ಸಗಣಿಯ ಕೆಳಗೆ ಸಿಮೆಂಟಿನ ನೆಲ ಇರುವುದನ್ನು ಕಂಡುಹಿಡಿದರು. ಹಳೆಯ ಸಿಬ್ಬಂದಿಯೇ ಅದನ್ನು ನೋಡಲು ಗುಂಪುಗೂಡಿದರಂತೆ. ಲಸಿಕೆ ಇಡುವ ಫ್ರಿಜ್ಜಿನಿಂದ ಮಜ್ಜಿಗೆ, ಟೊಮೆಟೊ ಮತ್ತು ಸಾಹೇಬರಾದ ತಮ್ಮ ಊಟದ ಡಬ್ಬಿಯನ್ನು ಹೊರಗಿಟ್ಟು ಲಸಿಕೆಯನ್ನು ಒಳಗಿಟ್ಟರು. ಕಾಂಪೌಂಡರ್ ಕದಿರೇಶ್ ಹನ್ನೊಂದಕ್ಕೆ ಬಂದ ದಿನ ಪೊರಕೆ ಹಿಡಿದು ಬಾಗಿಲಲ್ಲೇ ನಿಂತು "ಏನ್ಲಾ ಕದಿರೇಶ, ಶಿಕ್ಷೆ ಆಗಿರೋದು ನನಗೆ, ಒಂಬತ್ತಕ್ಕೆ ಬಂದಿದ್ದೀನಿ. ನಿನಗೆ ಯಾವ ಜಡ್ಜು ಬೇಕು?" ಎಂದು ಕೇಳಿದರು. ಮಾರನೆಯ ದಿನದಿಂದ ಕದಿರೇಶ್ ಎಂಟೂ ಮುಕ್ಕಾಲಿಗೇ ಬಂದು ಖಾಲಾ ಬರುವ ದಾರಿ ನೋಡುತ್ತಿದ್ದರು. ಒದೆಯುವ ಹಸುಗಳು ಕೂಡ ಖಾಲಾ ಅವುಗಳ ಕಿವಿಯ ಹಿಂದೆ ತುರಿಸುತ್ತಾ ನಮ್ಮ ದಖ್ನಿ ಉರ್ದುವಿನಲ್ಲಿ ಏನೋ ಹೇಳಿದರೆ ಸೂಜಿಗೆ ಸುಮ್ಮನೆ ನಿಲ್ಲುತ್ತಿದ್ದವು. ಮಾಲೂರು ತಾಲ್ಲೂಕಿನ ಮಾಸ್ತಿಯಿಂದ ಒಬ್ಬರು ಟೆಂಪೋದಲ್ಲಿ ಹಸು ತಂದು, ಡಾಕ್ಟರ್ ಇಲ್ಲದಿದ್ದರೂ ಚಿಂತೆಯಿಲ್ಲ, ಆ ಕಳ್ಳಿ ಇದ್ದಾರೆಯೇ ಎಂದು ವಿಚಾರಿಸಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಇಷ್ಟಾದ ಮೇಲೆ ಊರಿನ ಹೆಂಗಸರ ತಲೆ ಕೆಟ್ಟಿತು. ನಮ್ಮ ಬೀದಿಯ ಮುನಿಶಾಮಮ್ಮ "ನಾನೂ ಒಂದು ಮೂಟೆ ಕದೀತೀನಿ ಕಣೇ, ನನ್ನನ್ನ ಅಂಗನವಾಡಿಗೆ ಹಾಕ್ಸು, ಅಲ್ಲಿ ಸೂರು ಸೋರ್ತದೆ" ಎಂದು ನಮ್ಮ ಜಗಲಿಯಲ್ಲಿ ಕುಳಿತು ಹಟ ಹಿಡಿದರು. ಮುಳಬಾಗಿಲಿನಲ್ಲಿರುವ ಅವರ ಬೀಗತಿ ಅಲ್ಲಿನ ಬಸ್ ನಿಲ್ದಾಣದ ಶೌಚಾಲಯಕ್ಕೆ ಒಬ್ಬ ಗಟ್ಟಿಮುಟ್ಟಾದ ಅಪರಾಧಿ ಸಿಗಬಹುದೇ ಎಂದು ಫೋನಿನಲ್ಲಿ ಕೇಳಿದರು. ಆದ್ದರಿಂದ ಸರ್ಕಾರವು ಪ್ರತಿ ಕಚೇರಿಗೂ ಒಬ್ಬೊಬ್ಬ ಒಳ್ಳೆಯ ಕಳ್ಳಿಯನ್ನು ಮಂಜೂರು ಮಾಡಬೇಕೆಂದೂ, ಅಷ್ಟು ಜನ ಸಿಗದಿದ್ದಲ್ಲಿ ಗಾಳಿಗೆ ಹೆಚ್ಚು ಬೀಸುವಂತೆ ಆದೇಶ ಹೊರಡಿಸಬೇಕೆಂದೂ ತಮ್ಮ ಮೂಲಕ ವಿನಂತಿಸುತ್ತೇನೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಮೂವತ್ತನೆಯ ದಿನ ಖಾಲಾ ಪತ್ರ ಕೇಳಿದಾಗ ತಾವು "ಏನಮ್ಮಾ ಅವಸರ, ಸೋಮವಾರ ನೋಡೋಣ" ಎಂದಿರಿ. ಸೋಮವಾರ ಮೊಹರು ಕಾಣಿಸುತ್ತಿಲ್ಲ ಎಂದಿರಿ. ಖಾಲಾ ಹುಡುಕಿ ಅದನ್ನು ತಮ್ಮ ಅಂಗಿಯ ಜೇಬಿನಲ್ಲೇ ತೋರಿಸಿಕೊಟ್ಟರು. ಆಮೇಲೆ ಶಾಯಿ ಒಣಗಿತು. ಅಷ್ಟು ದಿನವೂ ಖಾಲಾ ಒಂಬತ್ತಕ್ಕೆ ಬಂದು ಗುಡಿಸುತ್ತಲೇ ಇದ್ದರು. ಕೊನೆಗೆ ನಲವತ್ತೊಂದನೆಯ ದಿನ, ಅಂದರೆ ನಿನ್ನೆ, ತಾವು ನಗುನಗುತ್ತಾ ಒಂದು ಲಕೋಟೆಯನ್ನು ಖಾಲಾ ಕೈಗಿಟ್ಟು, ಕೋರ್ಟಿಗೆ ಕೊಡಮ್ಮ ಎಂದಿರಿ. ಖಾಲಾ ದಾರಿಯಲ್ಲೇ ಹಾಲು, ಶ್ಯಾವಿಗೆ ತಂದು ಖೀರು ಮಾಡಿ ಬೀದಿಯವರನ್ನೆಲ್ಲ ಕರೆದರು. ಎಲ್ಲರೂ ಲೋಟ ಹಿಡಿದು ನಿಂತಿರುವಾಗ, "ಜೋರಾಗಿ ಓದು ಸಾದಿಯಾ" ಎಂದರು. ನಾನು ಓದಿದೆ.

'ಸದರಿ ಅಪರಾಧಿಯು ಇನ್ನೂ ಸುಧಾರಿಸಿರುವುದಿಲ್ಲ. ಆಕೆಯನ್ನು ಇದೇ ಕಚೇರಿಯಲ್ಲಿ ಇನ್ನೂ ಮೂರು ತಿಂಗಳು ಮುಂದುವರಿಸಿದಲ್ಲಿ ಸುಧಾರಿಸುವ ಸಂಭವವಿದೆ.'

ಖೀರು ಲೋಟದಲ್ಲೇ ಉಳಿಯಿತು. ಖಾಲಾ ಮಾತ್ರ "ಇನ್ನೊಂದು ಸಲ ಓದು, ನೀನು ಸಾಲು ಬಿಟ್ಟಿದ್ದೀಯ" ಎಂದರು. ನಾನು ಸಾಲು ಬಿಟ್ಟಿರಲಿಲ್ಲ ಸಾಹೇಬರೇ.

ತಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಖಾಲಾ ಹೋದರೆ ನೆಲ ಮತ್ತೆ ಮುಚ್ಚಿಹೋಗುತ್ತದೆ ಎಂಬ ಸಂಕಟಕ್ಕೆ ತಾವು ಹೀಗೆ ಬರೆದಿರಿ. ಬಿಟ್ಟುಕೊಡಲು ಇಷ್ಟವಿಲ್ಲದಷ್ಟು ಒಳ್ಳೆಯ ಕೆಲಸದವಳನ್ನು ಕೆಟ್ಟವಳೆಂದು ಹೊಗಳಿದ ಮೊದಲ ಅಧಿಕಾರಿ ತಾವೇ ಇರಬೇಕು. ಆದರೆ ಶ್ವೇತ ಮೇಡಂ ಫೋನಿನಲ್ಲಿ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಜಡ್ಜು ಇದನ್ನ ಪ್ರೀತಿ ಅಂತ ಓದಲ್ಲಮ್ಮ. ಸುಧಾರಿಸಿಲ್ಲ ಅಂದ್ರೆ ಸೇವೆ ಸರಿಯಾಗಿ ಮಾಡಿಲ್ಲ ಅಂತಲೇ ಓದ್ತಾರೆ." ಬರುವ ಸೋಮವಾರ ಶ್ರೀನಿವಾಸಪುರದಲ್ಲಿ ಹಾಜರಾಗಬೇಕು. ಅಲ್ಲಿಂದ ಖಾಲಾ ಮನೆಗೆ ಬರುತ್ತಾರೋ ಕೋಲಾರದ ಜೈಲಿಗೆ ಹೋಗುತ್ತಾರೋ ಎಂಬುದು ತಮ್ಮ ಎರಡು ಸಾಲಿನಲ್ಲಿದೆ.

ಕೆಲವೇ ದಿನದ ಜೈಲಲ್ಲವೇ ಎಂದು ತಾವು ಅನ್ನಬಹುದು. ನಮ್ಮ ಹಿಂದಿನ ಬೀದಿಯ ಭಾರತಮ್ಮನವರು ನಾಲ್ಕು ವರ್ಷದ ಹಿಂದೆ ನಲ್ಲಿಯ ಜಗಳವೊಂದರಲ್ಲಿ ಇಪ್ಪತ್ತು ದಿನ ಒಳಗಿದ್ದು ಬಂದರು. ಅಷ್ಟರಲ್ಲಿ ನರಸಾಪುರದ ಕಂಪನಿಯ ಕ್ಯಾಂಟೀನಿನಲ್ಲಿ ಅವರ ಜಾಗಕ್ಕೆ ಬೇರೆಯವರು ಬಂದಿದ್ದರು, ಕಂಪನಿ ಬಸ್ಸು ಇವರ ಮನೆ ಮುಂದೆ ನಿಲ್ಲುವುದನ್ನು ಬಿಟ್ಟಿತ್ತು, ಮಗಳನ್ನು ನಾದಿನಿ ಕರೆದುಕೊಂಡು ಹೋಗಿ ಶಾಲೆ ಬಿಡಿಸಿದ್ದಳು. ಇಪ್ಪತ್ತು ದಿನ ಮುಗಿದು ನಾಲ್ಕು ವರ್ಷವಾದರೂ ಜನ ಅವರನ್ನು ಜೈಲಮ್ಮ ಎಂದೇ ಕರೆಯುತ್ತಾರೆ. ಖಾಲಾ ಮನೆಯಲ್ಲಿ ಕಣ್ಣು ಕಾಣದ ಅವರ ಅತ್ತೆ ಇದ್ದಾರೆ. ತಟ್ಟೆಯ ಯಾವ ಕಡೆ ಮುದ್ದೆ, ಯಾವ ಕಡೆ ಸಾರು ಎಂದು ಖಾಲಾ ಬಾಯಿಂದ ಕೇಳಿದ ಮೇಲೆಯೇ ಅವರು ಕೈ ಹಾಕುವುದು. ನಾನು ಹೇಳಿದರೆ ನಂಬುವುದಿಲ್ಲ. ಆಸ್ಪತ್ರೆಯಲ್ಲಿ ಮೂರು ಗಂಟೆ ಶಿಕ್ಷೆ ಅನುಭವಿಸಿ ಮಧ್ಯಾಹ್ನದ ಊಟಕ್ಕೆ ಖಾಲಾ ಮನೆಯಲ್ಲಿರುತ್ತಿದ್ದರು. ಜೈಲಿನವರು ಊಟದ ಹೊತ್ತಿಗೆ ಕಳಿಸಿಕೊಡುವರೇ?

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಶನಿವಾರ ಮಧ್ಯಾಹ್ನದೊಳಗೆ 'ಮೂವತ್ತು ದಿನದ ಸೇವೆ ಮುಗಿದಿದೆ, ಮೇಲೆ ಹನ್ನೊಂದು ದಿನ ನಾನೇ ಹೆಚ್ಚಿಗೆ ಮಾಡಿಸಿಕೊಂಡಿದ್ದೇನೆ' ಎಂದು ಬರೆದು, ಜೇಬಿನಲ್ಲಿರುವ ಮೊಹರನ್ನು ಒತ್ತಿ ಕೊಡಬೇಕಾಗಿ ಪ್ರಾರ್ಥನೆ. ಅದು ಸಾಧ್ಯವಾಗದಿದ್ದರೆ ಎರಡನೆಯ ದಾರಿಯೊಂದಿದೆ. ತಾವೇ ಯಾವುದಾದರೂ ತೋಟಕ್ಕೆ ಹೋಗಿ ಎರಡು ಮೂಟೆ ಕಾಯಿ ಎತ್ತಿಕೊಂಡು ಬನ್ನಿ, ತಮಗೂ ಮೂವತ್ತು ದಿನ ಸಿಗುತ್ತದೆ, ತಮ್ಮ ಆಸ್ಪತ್ರೆಯಲ್ಲೇ ಸೇವೆ ಮಾಡಬಹುದು. ತಾವು ಸುಧಾರಿಸಿದಿರೋ ಇಲ್ಲವೋ ಎಂದು ಬರೆದುಕೊಡಲು ಕದಿರೇಶ್ ಸಿದ್ಧರಿದ್ದಾರೆ. ಅದೂ ಬೇಡವೆಂದರೆ ಸೋಮವಾರ ನಾವೇ ಬರುತ್ತೇವೆ. ಖಾಲಾ ಕೆಲಸ ಕಣ್ಣಾರೆ ಕಂಡ ಎಪ್ಪತ್ತೆರಡು ಜನ ಕಾಗದಕ್ಕೆ ಸಹಿ ಮಾಡಿದ್ದಾರೆ. ಹಸುಗಳನ್ನು ಕೋರ್ಟಿನೊಳಗೆ ಬಿಡುವುದಿಲ್ಲ ಎಂದು ಮೇಡಂ ಹೇಳಿರುವುದರಿಂದ ಅವು ಹೊರಗೆ ನಿಲ್ಲುತ್ತವೆ.

ಎಲ್ಲ ಸಹಿಗಳ ಮೇಲೆ, ಎಲ್ಲರಿಗಿಂತ ದೊಡ್ಡದಾಗಿ, ತಮಗಾಗಿ ಜಾಗ ಬಿಟ್ಟಿರುವ,

ತಮ್ಮ ವಿಶ್ವಾಸಿ,
ಸಾದಿಯಾ

ಮರೆತಿದ್ದ ಮಾತು: ಇಂದಿನಿಂದ ಖಾಲಾ ಕೆಲಸಕ್ಕೆ ಬರುವುದಿಲ್ಲ. ಅವರು ಬೇಕೇ ಬೇಕು ಎನಿಸಿದರೆ ಅದಕ್ಕೂ ಉಪಾಯವಿದೆ. ತಮ್ಮ ಕಬ್ಬಿಣದ ಬೀರುವಿನ ಹಿಂದೆ ಗುಡಿಸುವಾಗ ಖಾಲಾಗೆ ಒಂದು ನೋಟಿಸು ಸಿಕ್ಕಿತ್ತು, ಅದನ್ನು ಒರೆಸಿ ಮತ್ತೆ ಗೋಡೆಗೆ ಮೊಳೆ ಹೊಡೆದಿದ್ದಾರೆ: 'ಸ್ವಚ್ಛತಾ ಕೆಲಸದ ಒಂದು ಹುದ್ದೆ ಖಾಲಿ ಇದೆ', ಒಂಬತ್ತು ವರ್ಷದ ಹಿಂದಿನ ತಾರೀಖು. ಸಂಬಳ ಕೊಟ್ಟು ಕೆಲಸ ಮಾಡಿಸಿಕೊಳ್ಳುವ ಪದ್ಧತಿಯೂ ಚಾಲ್ತಿಯಲ್ಲಿದೆಯಂತೆ. ಖಾಲಾ ಅರ್ಜಿಯನ್ನು ಈ ಪತ್ರದ ಕೆಳಗೇ ಅಂಟಿಸಿದ್ದೇನೆ. ಅನುಭವ ಎಂಬಲ್ಲಿ ನಲವತ್ತೊಂದು ದಿನ ಎಂದು ತುಂಬಿದ್ದೇನೆ, ಪಕ್ಕದಲ್ಲಿ ತಮ್ಮ ಸಹಿಯೊಂದು ಬಾಕಿ.