ಹಾಳುವಾಡೇದೊಳಗಿನ ಎಡಗೈ

ಬೇಸ್‌ಬಾಲ್ ಹಂಗಾಮು ಹತ್ರ ಬಂತಂದ್ರ ಎದಿ ಝಲ್ಲನ್ನೋ ಪ್ರಸಂಗ ಒಂದಾದರೂ ನನ್ನ ಕೊರಳಿಗೆ ಬೀಳಲಿಕ್ಕೇ ಬೇಕು. ಹಾನಗಲ್ಲಿನ ಕಾಲೇಜಿನ್ಯಾಗ ನಾ ಆಟದ ಮಾಸ್ತರ. ಕಬಡ್ಡಿ, ಖೋಖೋ ಬಿಟ್ಟು ಈ ಆಟಕ್ಕ ಯಾಕ ಗಂಟುಬಿದ್ದಿ ಅಂತ ಮನ್ಯಾಗ ದಿನಾ ಬೈಸ್ಕೋತೇನಿ. ಗಂಟುಬಿದ್ದದ್ದು ಒಬ್ಬ ಹುಡುಗಿಯ ಕೈ ನೋಡಿ. ಚಿಕ್ಕೇರೂರಿನಿಂದ ಬಸ್ಸಿಗೆ ಬರೋ ಸಣಕಲ ಹುಡುಗಿ. ಎಡಗೈಲೆ ಚೆಂಡು ಒಗದ್ಲಂದ್ರ, ಬ್ಯಾಟು ಹಿಡದಾಕಿ ಕಣ್ಣು ಪಿಳುಕಿಸೂದ್ರಾಗ ಆಟ ಮುಗದಿರ್ತಿತ್ತು. ಹೆಂಗಾರ ಮಾಡಿ ಆಕಿ ಜಿಲ್ಲಾ ತಂಡದ ಪಿಚರ್, ಅಂದ್ರ ಚೆಂಡು ಒಗಿಯಾಕಿ, ಆಗಬೇಕು. ಆಕಿಗೂ ನನಗೂ ಇದ್ದದ್ದು ಅದೊಂದ ಆಸೆ.

ಸವಣೂರಿನ್ಯಾಗ ಅಳತಿ

ಎಡಗೈಲೆ ಒಗಿಯೋರಿಗೆ ಬಲಗೈಗೆ ಹಾಕ್ಕೊಳ್ಳೋ ಚರ್ಮದ ಗ್ಲೌಸ್ ಬೇಕು. ನಮ್ಮಲ್ಲಿದ್ದವು ಎಲ್ಲಾ ಎಡಗೈವು. ಒಂದನ್ನ ತಗೊಂಡು ಸವಣೂರಿನ ಚಪ್ಪಲಿ ಅಂಗಡಿಗೆ ಹೋಗಿ, "ಇಂಥಾದ್ದ ಬಲಗೈಗೆ ಹೊಲದು ಕೊಡ್ರಿ" ಅಂದೆ. ಅಂಗಡಿ ಚಾಚಾ ಅದರಾಗ ತನ್ನ ಕೈ ಹಾಕಿ ನೋಡಿದ. ಕೈ ಕಾಣದಂಗಾತು. ಮಾರಿ ಸಪ್ಪಗಾತು.

"ಸಾಹೇಬ್ರ, ಇಷ್ಟು ದೊಡ್ಡ ಕೈ ಯಾರದ್ರಿ?"

"ಹೆಣ್ಣುಹುಡುಗೀದ್ರಿ. ಚಿಕ್ಕೇರೂರಾಕಿ."

"ಯಾ ಅಲ್ಲಾ! ಬದುಕ್ಯಾಳ್ರಿ?"

ಆಟದ ಸಾಮಾನು ಅಂತ ಎಷ್ಟು ಹೇಳಿದ್ರೂ ಅವ ನನ್ನ ಮಾತು ಕಿವಿಗೆ ಹಾಕ್ಕೊಳ್ಳಲಿಲ್ಲ. ಮುಂದಿನ ವಾರ ಹುಡುಗಿನ್ನ ಕರಕೊಂಡು ಹೋದರ ಶಟರ್ ಅರ್ಧ ಇಳದಿತ್ತು. ಹೊಲದಿಟ್ಟ ಹೊಸಾ ಗ್ಲೌಸ್ ಹೊರಗ ಮೆಟ್ಟಿಲ ಮ್ಯಾಲ ಕುಂತಿತ್ತು. ಒಳಗಿಂದ ನಡಗೋ ದನಿ ಬಂತು: "ಅದನ್ನ ತಗೊಂಡು ಸುಮ್ಮನ ಹೋಗು ಅಂತ ಆಕಿಗೆ ಹೇಳ್ರಿ ಸಾಹೇಬ್ರ, ಒಳಗ ಬರೂದು ಬ್ಯಾಡ."

ಹುಡುಗಿ ಗ್ಲೌಸ್ ಹಾಕ್ಕೊಂಡು, ಬಗ್ಗಿ, ಶಟರಿನ ಕೆಳಗ ಕೈಯಷ್ಟ ತೂರಿಸಿ ಅಂದ್ಲು: "ಚಾಚಾ, ಸ್ವಲ್ಪ ಬಿಗಿ ಆಗೇತ್ರಿ."

ಶಿಗ್ಗಾಂವಿಯ ಮಂಜು

ಜಿಲ್ಲಾ ತಂಡದ ಆಯ್ಕೆ ಶಿಗ್ಗಾಂವಿಯೊಳಗ, ಹೈವೇ ಮಗ್ಗಲಿನ ಮೈದಾನದಾಗ. ಮುಂಜಾನಿ ಮಂಜು ಎಷ್ಟಿತ್ತಂದ್ರ ಲಾರಿಗಳ ಸಪ್ಪಳ ಕೇಳ್ತಿತ್ತು, ಲಾರಿ ಕಾಣ್ತಿರಲಿಲ್ಲ. ನಮ್ಮ ಹುಡುಗಿ ಮಂಜಿನೊಳಗ ಹೋಗಿ ನಿಂತ್ಲು. ಮನಿಷ್ಯಾರ ಸುಳಿವಿಲ್ಲ. ಬಿಳೇ ಗ್ವಾಡಿಯೊಳಗಿಂದ ಚೆಂಡು ಮಾತ್ರ ಸುಂಯ್ ಅಂತ ಬರ್ತಿತ್ತು. ಎಲ್ಲಾರ ಮೈಮ್ಯಾಲೂ ಮುಳ್ಳು ಎದ್ದುವು.

"ಯಾರ್ರೀ ಇವರು ಒಗಿಯೋರು!" ಅಂತ ಆಯ್ಕೆ ಸಾಹೇಬ್ರು ಒಳಗ ಓಡಿದರು. ನಾನೂ ಖುಷಿಲೆ ಹಿಂದ ಓಡಿದೆ. ಅಲ್ಲಿ ಒಬ್ಬ ಉದ್ದನ್ನ ಹುಡುಗಿ ನಿಂತಿದ್ಲು. ನಮ್ಮಾಕಿ ಆಕಿ ಮೊಣಕೈ ಹಿಂದ. ಸಾಹೇಬ್ರು ಉದ್ದನ್ನಾಕಿ ಬೆನ್ನು ಚಪ್ಪರಿಸಿ, "ಶಭಾಶ್, ನಿನ್ನ ತಗೊಂಡೆ" ಅಂದುಬಿಟ್ರು.

"ಸಾಹೇಬ್ರ, ಒಗದಾಕಿ ಈಕಿರಿ!"

"ಮಾಸ್ತರ, ಮೈಕಟ್ಟು ನೋಡಿದ್ರ ನನಗ ಗೊತ್ತಾಗ್ತೈತಿ" ಅಂದವರ, ಹಿಂದ ತಿರುಗದ ಹೋದರು.

ನಮ್ಮ ಹುಡುಗಿ ಬಸ್ಸಿನ್ಯಾಗ ಕಿಟಕಿ ಕಡೆ ಮಾರಿ ಮಾಡಿ ಕುಂತಾಕಿ ತಿರುಗಲ ಇಲ್ಲ. ಇನ್ನು ಆ ಉದ್ದನ್ನಾಕಿ? ಹುಬ್ಬಳ್ಳಿ ಬಸ್ ಎಲ್ಲಿ ನಿಂದರ್ತೈತಿ ಅಂತ ಕೇಳಾಕ ಬಂದಾಕಿ!

ಚಿಕ್ಕೇರೂರಿನ ಲಿಂಬಿಹಣ್ಣು

ಆ ಸಾಹೇಬ್ರು ಚಿಕ್ಕೇರೂರಿನ ಅಳಿಯ. ಮಾವನ ಮನಿಗೆ ಊಟಕ್ಕ ಬರ್ತಾರಂತ ಗೊತ್ತಾಗಿ, ಇನ್ನೊಮ್ಮೆ ಕೈಕಾಲು ಹಿಡಿಯೋಣಂತ ಹೋದೆ. ಊರಿಗೂರ ಹೆದರಿ ಬೆವರಾಕತ್ತಿತ್ತು. ಊರ ಹೊರಗಿನ ಹಾಳುವಾಡೇದಾಗ, ಅಂದ್ರ ಪಾಳುಬಿದ್ದ ಹಳೇ ದೊಡ್ಡ ಮನ್ಯಾಗ, ದಿನಾ ಮಧ್ಯಾಹ್ನ ಧಡ್, ಧಡ್ ಅಂತ ಸಪ್ಪಳ ಆಗ್ತೈತಂತ. ಭಾನಾಮತಿ ಅಂತ ಹೆದರಿ ಹೊಸ್ತಿಲ ಒಳಗಿನ ಕಟ್ಟಿ ಮ್ಯಾಲ ಲಿಂಬಿಹಣ್ಣು ಇಟ್ಟು ಬಂದ್ರ, ಸಂಜೀಕ ಅದು ಚಿಂದಿ ಆಗಿರ್ತಿತ್ತು.

"ಓದಿದ ಅಳಿಯ ಅದೀರಿ, ಏನು ಬೇಕಂತ ನೀವ ಕೇಳಿ ಬರ್ರಿ" ಅಂದ್ಲು ಅತ್ತಿ.

ಊರ ಮುಂದ ಒಲ್ಲೆ ಅನ್ನೂದು ಹೆಂಗ? ಸಾಹೇಬ್ರು ಲಿಂಬಿಹಣ್ಣು ಹಿಡಕೊಂಡು ಹೊಂಟ್ರು. ನಾ ಅವರ ಅಂಗಿ ಹಿಡಕೊಂಡು ಹಿಂದ. ಅತ್ತಿ, ಊರ ಮಂದಿ ದೂರದಾಗ. ಮಟಮಟ ಮಧ್ಯಾಹ್ನ, ಒಂದು ಕಾಗಿ ಸೈತ ಒದರವಲ್ದು. ವಾಡೇದೊಳಗ ಕಗ್ಗತ್ತಲಿ, ಬಾವಲಿ ವಾಸನಿ. ಸಾಹೇಬ್ರು ಹಣ್ಣು ಇಟ್ಟು ಕೈ ಹಿಂದಕ್ಕ ತಗೊಂಡ್ರೋ ಇಲ್ಲೋ, ಧಡ್! ರಸ ಮಾರಿಗೆ ಸಿಡೀತು.

ಸಾಹೇಬ್ರು ಕಣ್ಣು ಮುಚ್ಚಿ ಕೈ ಮುಗದು, ದೂರ ನಿಂತ ಮಂದಿಗೂ ಕೇಳೂವಂಗ ಒದರಿದರು: "ಯವ್ವಾ, ಏನು ಬೇಕು ಕೇಳು! ನಮ್ಮತ್ತಿ ಆಣೆ, ಕೊಡ್ತೇನಿ!"

ಚೆಂಡು ಉರುಳಿ ನನ್ನ ಕಾಲಿಗೆ ಬಂತು. ಕೆಂಪು ಹೊಲಿಗಿಯ ಬೇಸ್‌ಬಾಲ್. ನಾ ಬಾಯಿ ಬಿಗಿ ಹಿಡದೆ. ಕತ್ತಲಿಯಿಂದ ಸಣ್ಣ ದನಿ: "ಜಿಲ್ಲಾ ತಂಡದಾಗ ಒಂದು ಜಾಗಾ ಬೇಕ್ರಿ."

"ಕೊಟ್ಟೆ ಯವ್ವಾ, ಕೊಟ್ಟೆ! ಕ್ಯಾಪ್ಟನ್ನೂ ಮಾಡ್ತೇನಿ!"

ನಮ್ಮ ಹುಡುಗಿ ಜೇಡರಬಲಿ ಒರಸ್ಕೋತ ಹೊರಗ ಬಂದ್ಲು. "ಕ್ಯಾಪ್ಟನ್ ಬ್ಯಾಡ್ರಿ ಸರ, ಚೆಂಡು ಒಗಿಯೂದಷ್ಟ ಸಾಕು. ಮತ್ತ ನಾಳಿಂದ ಇನ್ನೂ ಸಣ್ಣ ಲಿಂಬಿಹಣ್ಣು ಇಡಾಕ ಹೇಳ್ರಿ, ಇವು ಭಾಳ ಸರಳ ಆಗಾಕತ್ಯಾವು."

ಸಾಹೇಬ್ರು ಮಾರಿ ಒರಸ್ಕೊಂಡು ಎದ್ದರು. "ಅಲ್ಲವಾ, ತಂಡ ಆಗ್ಲೇ ತುಂಬೇತಿ, ನೋಡೂಣು..." ಅಂತ ರಾಗ ತಗದರು.

ಹಿಂದಿನಿಂದ ಅತ್ತಿ ಸೆರಗು ಕಟ್ಟಿ ಓಡಿ ಬಂದ್ಲು: "ನೋಡೂಣು ಗೀಡೂಣು ಏನಿಲ್ಲ ಅಳಿಯಂದಿರ! ಮೊದಲ ಆಕಿನ್ನ ತಗೋರಿ. ಆಣೆ ಹಾಕಾವ್ರು ನೀವು, ಸಾಯಾಕಿ ನಾನು!"