ಹಾರ ಕಟ್ಟಲಿಕ್ಕೊಂದು ಗಾರ್ಡು

ಸುರಪುರದಿಂದ ಹನ್ನೊಂದು ವರ್ಷ ಹಳೆಯ ಬಿಳಿ ಕಾರೊಂದನ್ನು ತಂದ ದಿನ ನನ್ನ ಹೆಂಡತಿ ದಾನೇಶ್ವರಿ ಕೇಳಿದ್ದು ಒಂದೇ ಬದಲಾವಣೆ. ನಾನು ಮಾಡಿಸಿದ್ದು ನಾಲ್ಕು. ಅವಳು ಕೇಳಿದ್ದು ಆ ನಾಲ್ಕರಲ್ಲಿ ಇರಲಿಲ್ಲ. (ನಮ್ಮ ದಾಂಪತ್ಯದ ಸಮಗ್ರ ಇತಿಹಾಸ ಇಷ್ಟೇ.)

ಅವಳು ಶಿರವಾಳದ ಶಾಲೆಯಲ್ಲಿ ಟೀಚರು. ಚಿಕ್ಕಂದಿನಲ್ಲಿ ಪೋಲಿಯೊ ಬಂದದ್ದರಿಂದ ಬಲಗಾಲು ಹೆಸರಿಗಷ್ಟೇ ಬಲ. ನಮ್ಮೂರು ಶಹಾಪುರದ ನಿಲ್ದಾಣದಲ್ಲಿ ಬಸ್ಸಿನ ಮೊದಲ ಮೆಟ್ಟಿಲು ಹತ್ತಬೇಕೆಂದರೆ ದಿನಾ ಯಾರಾದರೂ ಕೈ ಹಿಡಿದು ಎಳೆದುಕೊಳ್ಳಬೇಕು. ಎಳೆದವರು ಆಮೇಲೆ ಮರುಕದಿಂದ ನೋಡುತ್ತಾರೆ. ಅವಳಿಗೆ ಎಳೆತಕ್ಕಿಂತ ಆ ನೋಟವೇ ಹೆಚ್ಚು ನೋವು.

"ಏನ್ರಿ, ಬ್ರೇಕು, ಎಕ್ಸಿಲೇಟರು ಕೈಲೇ ಒತ್ತೋ ಹಂಗ ಜೋಡಿಸ್ತಾರಂತ. ಮಾಡಸ್ರಿ. ನಾನೇ ಹೊಡ್ಕೊಂಡು ಹೋಗ್ತೀನಿ."

"ಅದಕ್ಕ ಕಾಯ್ದೆ ಒಪ್ಪಂಗಿಲ್ಲ," ಅಂದೆ. (ಹೆಂಡತಿಯೆದುರು ಗಂಡಂದಿರು ಹೇಳುವ ಕಾಯ್ದೆಗಳಿಗೆ ಕಲಂ ಸಂಖ್ಯೆ ಇರುವುದಿಲ್ಲ.) "ನಾನದೀನಲ್ಲ, ದಿನಾ ಬಿಟ್ಟು ಬರ್ತೀನಿ."

"ನೀವು ಏಳೋತನ ಕಾಯೋದಕ್ಕಿಂತ ಬಸ್ಸೇ ಚಲೋ."

ನಾನು ನೇರ ಇಸ್ಮಾಯಿಲಸಾಬನ ಗ್ಯಾರೇಜಿಗೆ ಹೋದೆ. ಬಿಳಿಗೆ ಕೆಂಪು ಬಣ್ಣ, ಗಾಜಿಗೆ ಕಪ್ಪು ಫಿಲ್ಮು, ಐದು ರಾಗದ ಹಾರ್ನು, ಮುಂದಿನ ಬಂಪರಿಗೊಂದು ಸ್ಟೀಲಿನ ಗಾರ್ಡು.

"ಸಾಹೇಬ್ರ, ಬಣ್ಣ ಬದಲಾದ್ರ ಕಾಗದದಾಗೂ ಬದಲಾಗಬೇಕ್ರಿ. ಉಳಿದಿದ್ದಕ್ಕ ಹಿಡೀತಾರ. ಗಾರ್ಡ್ ಅಂತೂ ಬಂದ್ ಮಾಡ್ಯಾರ," ಎಂದು ಇಸ್ಮಾಯಿಲಸಾಬ ತಲೆ ಕೆರೆದುಕೊಂಡ.

"ಗಾರ್ಡ್ ಇಲ್ಲಂದ್ರ ಪೂಜಾದಾಗ ಹಾರ ಎಲ್ಲಿ ಕಟ್ಟೋದೋ ಮಾರಾಯಾ?"

ಈ ಮಹಾಪ್ರಶ್ನೆ ಕೇಳಿ ಅವನು ಪಾನಾ ಎತ್ತಿಕೊಂಡ. ಹಾರ ಕಟ್ಟಿದೆವು, ವಿಭೂತಿ ಬಳಿದೆವು, ಗಾಲಿಗೆ ನಿಂಬೆಹಣ್ಣಿಟ್ಟೆವು. ಮೂರನೆಯ ದಿನ ದಾನೇಶ್ವರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾದಗಿರಿಗೆ ಹೊರಟಾಗ ಟೀಚರೆಂದು ಅವಳನ್ನು ಬಲ್ಲ ಟ್ರಾಫಿಕ್ ಇನ್ಸ್‌ಪೆಕ್ಟರ್ ರಾಮಲಿಂಗ ಕೈ ಅಡ್ಡ ಹಾಕಿದರು. ಆರ್‌ಸಿ ನೋಡಿದರು, ಕಾರು ನೋಡಿದರು.

"ಬಿಳಿ ಕಾರು ಎಲ್ಲದ ರೀ?"

"ಇದೇ ಸರ್. ಒಳಗ ಬಿಳೀನೇ ಅದ."

"ಆ ಗಾರ್ಡ್ ಮೊದಲ ಬಿಚ್ಚಸ್ರಿ."

"ಪೂಜಾ ಮಾಡಿಸಿದ್ದು ಸರ್. ಬಿಚ್ಚಿದ್ರ ಅಶುಭ."

"ಎದುರಿಗೆ ಬಂದವ್ರಿಗೆ ಬಡದ್ರ ಶುಭ ಏನ್ರಿ?"

ನಾನು ಇಳಿದು ಗಾರ್ಡಿನ ಬಾಡಿದ ಹಾರ ನೆಟ್ಟಗೆ ಮಾಡತೊಡಗಿದೆ. ಅಷ್ಟರಲ್ಲಿ ದಾನೇಶ್ವರಿ ಕಿಟಕಿಯಿಂದ ಬಾಗಿದಳು. "ಸರ್, ನನ್ನ ಕಾಲಿನ ಸಲುವಾಗಿ ಬ್ರೇಕು ಕೈಗೆ ಜೋಡಿಸೋದೂ ತಪ್ಪೇನ್ರಿ?"

"ಅದ್ಯಾಕ ತಪ್ಪಾಗ್ತದ್ರಿ ಟೀಚರ್? ಮೊದಲ ಆರ್‌ಟಿಒ ಆಫೀಸಿನಾಗ ಪರ್ಮಿಶನ್ ತಗೋರಿ, ಆಮ್ಯಾಲ ಜೋಡಸ್ರಿ, ಗಾಡಿ ತೋರಿಸಿ ಆರ್‌ಸಿದಾಗ ಬರಸ್ರಿ. ಲೈಸೆನ್ಸ್ ಮಾಡಸ್ರಿ. ಮುಗೀತು."

ಅವಳು ಬೈಯಲಿಲ್ಲ. ಯಾದಗಿರಿ ಬರುವ ತನಕ ಕಪ್ಪು ಗಾಜಿನಾಚೆ ಹತ್ತಿಹೊಲ ನೋಡುತ್ತಿದ್ದಳು, ಕಂಡಷ್ಟು. ಬೈದಿದ್ದರೆ ನನಗೆ ಯೋಚಿಸುವ ಕಷ್ಟವಾದರೂ ತಪ್ಪುತ್ತಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವನು. ನೀರು ಕುಡಿಯಲಿಕ್ಕೂ ಕೈ ಎತ್ತಿ ಸಿಸ್ಟರ್ ಅಪ್ಪಣೆ ಕೇಳಿ ಬೆಳೆದವನು. ಮದುವೆಯಾದ ಮೇಲೆ ನಾನೇ ಸಿಸ್ಟರ್ ಆಗಿಬಿಟ್ಟೆ! ಇಪ್ಪತ್ತೆರಡು ವರ್ಷ ಅವಳು ಪ್ರತಿಯೊಂದಕ್ಕೂ ನನ್ನನ್ನು ಕೇಳಿದಳು, ನಾನು ಗಂಭೀರವಾಗಿ ತಿರಸ್ಕರಿಸಿದೆ. ಪರ್ಮಿಶನ್ ಕೊಡುವ ಆಫೀಸು ಯಾದಗಿರಿಯಲ್ಲಿತ್ತು. ಅವಳು ಅರ್ಜಿ ಹಾಕುತ್ತಿದ್ದದ್ದೇ ತಪ್ಪು ಆಫೀಸಿಗೆ.

ನನ್ನ ನಾಲ್ಕೂ ಬದಲಾವಣೆಗಳು ಇಸ್ಮಾಯಿಲಸಾಬನ ಅಂಗಳದಲ್ಲಿ ಉದುರಿದವು. ಅವಳ ಒಂದು, ಮೊಹರು ಸಹಿತ ಆರ್‌ಸಿಗೆ ಏರಿತು. ಕಾರು ನನ್ನದು, ಕಾರುಬಾರು ಅವಳದು ಎಂದು ಜಂಬ ಕೊಚ್ಚುತ್ತಿದ್ದೆ. ಈಗ ಕಾರೂ ಅವಳ ಹೆಸರಿಗೇ, ಲೈಸೆನ್ಸೂ ಕೈಗೆ ಬಂದಿದೆ. ದಿನಾ ಎಂಟೂವರೆಗೆ ಅವಳು ಶಿರವಾಳಕ್ಕೆ ಹೊರಡುತ್ತಾಳೆ. ಯಾರೂ ಎಳೆಯುವುದಿಲ್ಲ, ಯಾರೂ ಮರುಗುವುದಿಲ್ಲ. (ನನ್ನನ್ನು ನೋಡಿ ಮರುಗುವವರಿದ್ದಾರೆ.)

ಹೋದ ವಾರ ಅದೇ ರಸ್ತೆಯಲ್ಲಿ ಅದೇ ರಾಮಲಿಂಗ. ಮತ್ತೆ ಬಿಳಿಯಾದ ಕಾರಿನ ಸುತ್ತ ಎರಡು ಸುತ್ತು ಬಂದರು, ಕೈಗೆ ಜೋಡಿಸಿದ ಬ್ರೇಕು ನೋಡಿದರು, ಕಾಗದ ನೋಡಿದರು. ಆಮೇಲೆ ಎಡಗಡೆ ಸೀಟಿನಲ್ಲಿ, ಇಸ್ತ್ರಿ ಕೆಡುತ್ತದೆಂದು ಬೆಲ್ಟ್ ಹಾಕದೆ ಕುಳಿತಿದ್ದ ನನ್ನನ್ನು ನೋಡಿದರು.

"ಗಾಡಿ ಎಲ್ಲಾ ಕಾಯ್ದೆ ಪ್ರಕಾರ ಅದ ಟೀಚರ್. ಇವರೊಬ್ರು ಇಲ್ಲ."

ನಾನು ಹೊಟ್ಟೆಯ ಮೇಲಿಂದ ಬೆಲ್ಟ್ ಎಳೆಯಲು ಒದ್ದಾಡುತ್ತಿರುವಾಗ ದಾನೇಶ್ವರಿ ವಿನಯದಿಂದ ಕೇಳಿದಳು:

"ಇವ್ರನ್ನ ಬದಲಿ ಮಾಡೋದಿದ್ರ ಯಾರ ಪರ್ಮಿಶನ್ ತಗೋಬೇಕ್ರಿ ಸರ್?"